ಹಡಗಿನ ಕುರ್ಚಿ ಯಾರದು?



ಹಿಂದೆ ಅಟ್ಲಾಂಟಿಕ್ ಸಾಗರವನ್ನು ದಾಟುತ್ತಿದ್ದ ಅನೇಕ ಹಡಗುಗಳಲ್ಲಿ ಡೆಕ್ಕಿನ ಮೇಲಿನ ಒರಗುಕುರ್ಚಿಯನ್ನು ಬಾಡಿಗೆಗೆ ಪಡೆಯಬೇಕಾಗಿತ್ತು. ಹಣ ತೆತ್ತವನ ಹೆಸರಿನ ಚೀಟಿ ಅದರ ಮೇಲಿರುತ್ತಿದ್ದುದರಿಂದ ಜಗಳಕ್ಕೆ ಎಡೆಯಿರಲಿಲ್ಲ. ಇಂದಿನ ವಿಹಾರನೌಕೆಗಳಲ್ಲಿ ಈಜುಕೊಳದ ಬಳಿಯ ಕುರ್ಚಿಗಳು ಸಾಮಾನ್ಯವಾಗಿ ಎಲ್ಲರಿಗೂ ಪುಕ್ಕಟೆ. ಆದುದರಿಂದಲೇ ಕಲಹ! ನಮ್ಮವರು ಬಸ್ಸಿನ ಕಿಟಕಿಯಿಂದ ಟವಲು ಎಸೆಯುವಂತೆ, ನಸುಕಿನಲ್ಲಿಯೇ ಎದ್ದು ನಾಲ್ಕು ಕುರ್ಚಿಗಳಿಗೆ ಟವಲು ಹಾಸಿ ಮತ್ತೆ ಮಲಗಲು ಹೋಗುವವರುಂಟು. ಕಾರ್ನಿವಲ್ ಕಂಪೆನಿಯ ನೌಕೆಗಳಲ್ಲಿ ಸೇವಕನು ಅಂತಹ ಕುರ್ಚಿಗೆ ವೇಳೆ ಬರೆದ ಚೀಟಿ ಅಂಟಿಸಿ, 40 ನಿಮಿಷ ಕಳೆದರೂ ಯಾರೂ ಬಾರದಿದ್ದರೆ ಸಾಮಾನುಗಳನ್ನು ತೆಗೆದಿಡುತ್ತಾನೆ. ಊಟಕ್ಕೆ ಹೋದವನಿಗೆ ಅಷ್ಟು ಸಾಕು. ಆದರೆ ಹಿಂದಿರುಗಿದವನ ಕೋಪಕ್ಕೆ ಗುರಿಯಾಗುವವನು ಆ ಸೇವಕನೇ. ನಿಂತು ದಣಿದ ವೃದ್ಧೆಯೊಬ್ಬಳು ತಾನಾಗಿಯೇ ಟವಲನ್ನು ಮಡಿಚಿಟ್ಟು ಕುಳಿತರೆ? ಆಕೆಯದು ತಪ್ಪೆಂದು ನಾನಂತೂ ಹೇಳಲಾರೆ.