ಮೂರು ಗುಡಿಗಳ ಮುಂದೆ ಒಬ್ಬಂಟಿಗ

ಪ್ರವಾಸಕ್ಕೆ ಜೊತೆ ಬೇಕೆಂಬುದು ನಮ್ಮ ಜನರ ಬಹುಕಾಲದ ನಂಬಿಕೆ. ದಾರಿ ಸವೆಯಲು ಮಾತು, ಬುತ್ತಿ ಹಂಚಿಕೊಳ್ಳಲು ಒಬ್ಬರು, ಜ್ವರ ಬಂದರೆ ಆಸರೆ, ಇವೆಲ್ಲ ಬೇಕಾದುವೇ. ಆದರೆ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ಒಂದೇ ಹಗಲಿನಲ್ಲಿ ಮುಗಿಸಿ ಬಸ್ಸು ಹತ್ತುವ ತಂಡಕ್ಕೆ ಕಂಬದ ಮೇಲಿನ ಅಕ್ಷರವನ್ನು ಬಿಡಿಸಿ ಓದುವ ವ್ಯವಧಾನವೆಲ್ಲಿ? ಆ ವ್ಯವಧಾನ ಒಬ್ಬಂಟಿಗನಿಗೆ ಉಂಟು. ನಿವೃತ್ತಿಯ ತರುವಾಯ ನಾನೊಬ್ಬನೇ ಹೋಗಿ, ಕಾಲಕ್ರಮವನ್ನು ಅನುಸರಿಸಿ ನೋಡಿದ ಮೂರು ಗುಡಿಗಳ ವಿಚಾರವನ್ನು ಇಂದು ತಮ್ಮ ಮುಂದಿಡುತ್ತೇನೆ.

ಮೊದಲನೆಯದು ಕಾಂಚೀಪುರದ ಕೈಲಾಸನಾಥ. ಎಂಟನೆಯ ಶತಮಾನದ ಆದಿಯಲ್ಲಿ ಪಲ್ಲವ ದೊರೆ ರಾಜಸಿಂಹನು ಕಟ್ಟಿಸಿದ ಮರಳುಗಲ್ಲಿನ ದೇವಾಲಯವಿದು. ಪ್ರಾಕಾರದ ಒಳಗೋಡೆಯುದ್ದಕ್ಕೂ ಕಿರುಗುಡಿಗಳ ಸಾಲು. ಕೆಲವೆಡೆ ಹಳೆಯ ವರ್ಣಚಿತ್ರಗಳ ಕುರುಹು. ಇಲ್ಲಿನ ಮಂಟಪದ ಕಂಬವೊಂದರ ಮೇಲೆ, ತಮಿಳು ನೆಲದ ನಡುವೆ, ಒಂದು ಹಳಗನ್ನಡ ಶಾಸನವಿದೆ. ಬಾದಾಮಿಯ ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದು, ಈ ಗುಡಿಯ ಸಂಪತ್ತನ್ನು ಕಂಡು, ಅದನ್ನು ದೇವರಿಗೇ ಮರಳಿಸಿದನೆಂದು ಅದು ಸಾರುತ್ತದೆ.

ಈ ನಡತೆಯ ಹಿರಿಮೆ ತಿಳಿಯಬೇಕಾದರೆ ಹಿಂದಿನದನ್ನು ನೆನೆಯಬೇಕು. ಕ್ರಿ.ಶ. 642ರಲ್ಲಿ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಹಿಡಿದು, 'ವಾತಾಪಿಕೊಂಡ' ಎಂಬ ಬಿರುದನ್ನು ಧರಿಸಿದ್ದನು. ಸುಮಾರು ನೂರು ವರ್ಷಗಳ ಬಳಿಕ ಸೋತ ಮನೆತನದ ಕುಡಿ ಗೆದ್ದವರ ರಾಜಧಾನಿಯ ಒಳಗೆ ನಿಂತಿದ್ದಾನೆ. ಸುಲಿಯುವ ಅಧಿಕಾರವೂ ಅವಕಾಶವೂ ಕೈಯಲ್ಲಿವೆ. ಆತ ಸುಲಿಯಲಿಲ್ಲ.

ಎರಡನೆಯದು ಮಲಪ್ರಭೆಯ ದಡದ ಪಟ್ಟದಕಲ್ಲು. ಪತಿಯು ಕಂಚಿಯನ್ನು ಮೂರು ಬಾರಿ ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿ ಇಲ್ಲಿ ಕಟ್ಟಿಸಿದ ಲೋಕೇಶ್ವರ ದೇವಾಲಯವೇ ಇಂದಿನ ವಿರೂಪಾಕ್ಷ. ಕಂಚಿಯನ್ನು ಕಂಡು ಬಂದವನಿಗೆ ಇಲ್ಲಿನ ಅಂತಸ್ತಿನ ವಿಮಾನ, ಪ್ರಾಕಾರದ ಕಿರುಗುಡಿಗಳು ಪರಿಚಿತವೆನಿಸುತ್ತವೆ. ಆದರೆ ಇದು ಬರಿಯ ಅನುಕರಣವಲ್ಲ. ವಿಶಾಲವಾದ ಸಭಾಮಂಟಪ, ಬೆಳಕನ್ನು ಸೋಸಿ ಒಳಬಿಡುವ ಜಾಲಂದರಗಳು, ಕಂಬಗಳ ಮೇಲೆ ಬಿಡಿಸಿದ ರಾಮಾಯಣ ಮಹಾಭಾರತಗಳ ಕಥಾಪಟ್ಟಿಕೆಗಳು, ಇವುಗಳಲ್ಲಿ ನಮ್ಮ ಕುಶಲಿಗಳ ಕೈವಾಡ ಎದ್ದು ಕಾಣುತ್ತದೆ. ಅವರ ಹೆಸರುಗಳೂ ಉಳಿದಿವೆ. ಇದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಗೆ 'ತ್ರಿಭುವನಾಚಾರಿ' ಎಂಬ ಬಿರುದು ದೊರೆಯಿತು. ಸರ್ವಸಿದ್ಧಿ ಆಚಾರಿಯನ್ನು ದಕ್ಷಿಣ ದಿಕ್ಕಿನ ಸೂತ್ರಧಾರಿಯೆಂದು ಶಾಸನ ಹೊಗಳುತ್ತದೆ. ಅರಸಿಯ ಹೆಸರಿನೊಡನೆ ಕಲ್ಲುಕುಟಿಗನ ಹೆಸರಿಗೂ ಕಲ್ಲಿನಲ್ಲಿ ಸ್ಥಾನ ಸಿಕ್ಕಿತು.

ಮೂರನೆಯದು ಎಲ್ಲೋರದ ಕೈಲಾಸ. ಅಷ್ಟರಲ್ಲಿ ಚಾಲುಕ್ಯರ ಆಳ್ವಿಕೆ ಮುಗಿದು ರಾಷ್ಟ್ರಕೂಟರು ತಲೆಯೆತ್ತಿದ್ದರು. ಆ ಮನೆತನದ ಒಂದನೆಯ ಕೃಷ್ಣನು ಮಾಡಿಸಿದ ಈ ಗುಡಿಯನ್ನು ಕಟ್ಟಿದ್ದಲ್ಲ, ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಕಂಡರಿಸಿದ್ದು. ತಪ್ಪಿ ಬಿದ್ದ ಒಂದು ಏಟನ್ನು ತಿದ್ದಲು ಬೇರೆ ಕಲ್ಲು ತಂದಿಡುವಂತಿಲ್ಲ. ಆದರೂ ದ್ವಾರ, ನಂದಿಮಂಟಪ, ಸಭಾಮಂಟಪ, ವಿಮಾನಗಳ ಅನುಕ್ರಮದಲ್ಲಿ ಪಟ್ಟದಕಲ್ಲಿನ ನೆನಪು ಸ್ಪಷ್ಟವಾಗಿದೆ. ಇದನ್ನು ಮಾಡಿದ ಶಿಲ್ಪಿಯೇ ತನ್ನ ಕೃತಿಗೆ ತಾನು ಬೆರಗಾದನೆಂದು ಒಂಬತ್ತನೆಯ ಶತಮಾನದ ಬರೋಡ ತಾಮ್ರಶಾಸನ ವರ್ಣಿಸುತ್ತದೆ. ಹೆಸರನ್ನು ಮಾತ್ರ ಹೇಳುವುದಿಲ್ಲ.

ಪಲ್ಲವರಿಗೂ ಚಾಲುಕ್ಯರಿಗೂ ಹಗೆ. ಚಾಲುಕ್ಯರನ್ನು ಉರುಳಿಸಿದವರು ರಾಷ್ಟ್ರಕೂಟರು. ಆದರೂ ಉಳಿಯ ವಿದ್ಯೆ ಈ ಹಗೆಯ ಗಡಿಗಳನ್ನು ದಾಟಿತು. ಗೆದ್ದವನು ಸೋತವನ ಶಿಷ್ಯನಾದನು. ಇದು ನಮ್ಮದು, ಅದು ಅವರದು ಎಂದು ಸ್ಮಾರಕಗಳನ್ನು ಪಾಲು ಹಚ್ಚಿಕೊಳ್ಳುವ ನಮಗೆ ಈ ಮೂರು ಗುಡಿಗಳಲ್ಲಿ ಪಾಠವಿದೆ. ಇಂತಹ ಗೋಡೆಗಳ ಮೇಲೆ ಮೊಳೆಯಿಂದ ತಮ್ಮ ಹೆಸರು ಕೆತ್ತುವ ಯುವಕರಿಗೂ ಒಂದು ಮಾತು. ಕಂಚಿಯ ಕಂಬದ ಮೇಲೆ ಅರಸನೊಬ್ಬನ ಹೆಸರಿರುವುದು ಅವನು ಬಿಟ್ಟುಕೊಟ್ಟುದಕ್ಕಾಗಿ. ಪಟ್ಟದಕಲ್ಲಿನ ಗೋಡೆಯ ಮೇಲೆ ಆಚಾರಿಯ ಹೆಸರಿರುವುದು ಅವನು ಕಟ್ಟಿದುದಕ್ಕಾಗಿ.

ಸಾಧ್ಯವಾದರೆ ತಾವೂ ಒಮ್ಮೆ ಒಬ್ಬರೇ ಹೊರಡಿ. ಹತ್ತು ಊರು ಬೇಡ, ಒಂದು ಗುಡಿ ಸಾಕು. ಬೆಳಗಿನ ಬಿಸಿಲು ಇಳಿಬಿಸಿಲಾಗುವವರೆಗೆ ಅಲ್ಲಿದ್ದು ನೋಡಿ.