ಕೈತೋಟದಲ್ಲಿ ಕ್ಯಾರೆಟ್ ಬಿತ್ತನೆಯ ಕಾಲ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮನೆ, ಶಾಲೆ ಹಾಗೂ ಅಂಗನವಾಡಿಗಳ ಕೈತೋಟಕ್ಕೆ ತರಕಾರಿ ಬೀಜ ಹಂಚುವ ವಿಷಯವು ಪಂಚಾಯಿತಿ ಸಭೆಯ ಮುಂದೆ ಬರುವುದು ಸಾಮಾನ್ಯವಾಗಿ ಎರಡು ಕಾಲದಲ್ಲಿ. ಒಂದು, ಮುಂಗಾರಿನ ಆರಂಭ. ಮತ್ತೊಂದು, ವರ್ಷಾಂತ್ಯದ ಲೆಕ್ಕ ಮುಗಿಸುವ ಮಾರ್ಚ್ ತಿಂಗಳ ಆತುರ. ಬೆಂಡೆ, ಬದನೆ, ಕುಂಬಳಗಳಿಗೆ ಮುಂಗಾರು ಒಗ್ಗುತ್ತದೆ. ಕ್ಯಾರೆಟ್ಟಿಗೆ ಇವೆರಡೂ ತಕ್ಕ ಕಾಲವಲ್ಲ. ಮಾರ್ಚ್‌ನಲ್ಲಿ ಬಿತ್ತಿದ ಬೀಜ ಮೊಳೆತರೂ ಗಡ್ಡೆ ಮೋಟಾಗಿ, ಬಣ್ಣಗೆಟ್ಟು, ನಾರಾಗುತ್ತದೆ. ಅದನ್ನು ಕಂಡ ಮನೆಯವರು ‘ನಮ್ಮ ಮಣ್ಣಿಗೆ ಇದು ಬರುವುದಿಲ್ಲ’ ಎಂದು ನಿಶ್ಚಯಿಸಿಬಿಡುತ್ತಾರೆ. ದೋಷ ಮಣ್ಣಿನದಲ್ಲ, ತಿಂಗಳಿನದು.

ಕ್ಯಾರೆಟ್ ತಂಪು ಹವೆಯ ಬೆಳೆ. ಸುಮಾರು 15ರಿಂದ 20 ಡಿಗ್ರಿ ಉಷ್ಣಾಂಶದಲ್ಲಿ ಅದರ ಗಡ್ಡೆ ಉದ್ದವಾಗಿ ಇಳಿದು ಒಳ್ಳೆಯ ಬಣ್ಣ ಪಡೆಯುತ್ತದೆ. ನಮ್ಮ ಕೋಲಾರ ಜಿಲ್ಲೆಯಲ್ಲಿ ಈ ತಂಪು ರಾತ್ರಿಯ ವೇಳೆ ದೊರೆಯುವುದು ನವೆಂಬರ್‌ನಿಂದ ಜನವರಿಯವರೆಗೆ. ಬೆಳೆಯ ಅವಧಿ 90ರಿಂದ 100 ದಿನ. ಆದ್ದರಿಂದ ಗಡ್ಡೆ ದಪ್ಪವಾಗುವ ದಿನಗಳು ಚಳಿಗಾಲಕ್ಕೆ ಕೂಡಿಬರುವಂತೆ ಹಿಂದಕ್ಕೆ ಲೆಕ್ಕ ಹಾಕಿ ಬಿತ್ತಬೇಕು.

‘ಮಾಲೂರು ಕಡೆಯ ರೈತರು ವರ್ಷದ ಬಹುಪಾಲು ಕ್ಯಾರೆಟ್ ಬೆಳೆಯುತ್ತಾರಲ್ಲ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅವರಿಗೆ ಕೊಳವೆಬಾವಿ, ನೀರಾವರಿ ವ್ಯವಸ್ಥೆ, ಕಾಲಕ್ಕೆ ತಕ್ಕ ಸಂಕರಣ ತಳಿಯ ಬೀಜ, ದಿನವೂ ಹೊಲ ನೋಡುವ ಕಣ್ಣು ಇವೆ. ಪಾತ್ರೆ ತೊಳೆದ ನೀರಿನಲ್ಲಿ ನಡೆಯುವ ಹಿತ್ತಲಿಗೆ ಅದೇ ಲೆಕ್ಕ ಹೊಂದುವುದಿಲ್ಲ.

ಹಿತ್ತಲಿನ ಬಿತ್ತನೆಗೆ ಹಳೆಯ ಮಳೆ ನಕ್ಷತ್ರಗಳ ಲೆಕ್ಕವೇ ಅನುಕೂಲ. ಹಸ್ತಾ, ಚಿತ್ತಾ ಮಳೆಗಳು ಬಿರುಸಾಗಿ ಸುರಿಯುವಾಗ ಬಿತ್ತುವುದು ಬೇಡ. ಬೀಜ ಬಹು ಸಣ್ಣದು. ಒಂದು ಸೆಂಟಿಮೀಟರ್ ಆಳದಲ್ಲಿರುವ ಅದು ಕೊಚ್ಚಿಹೋಗುತ್ತದೆ, ಇಲ್ಲವೇ ಹೆಪ್ಪುಗಟ್ಟಿದ ಮೇಲ್ಮಣ್ಣನ್ನು ಸೀಳಲಾರದೆ ಒಳಗೇ ಸಾಯುತ್ತದೆ. ಅಕ್ಟೋಬರ್ 24ರ ಸುಮಾರಿಗೆ ಹುಟ್ಟುವ ಸ್ವಾತಿ ಮಳೆಯಿಂದ ನವೆಂಬರ್ ಮಧ್ಯದ ವಿಶಾಖದವರೆಗೆ ಮುಖ್ಯ ಬಿತ್ತನೆ ಮುಗಿಯಲಿ. 2021ರ ನವೆಂಬರ್‌ನಂತಹ ಮಳೆ ಮತ್ತೆ ಬಂದೀತು. ಹವಾಮಾನ ಮುನ್ಸೂಚನೆ ನೋಡಿ ನಾಲ್ಕು ದಿನ ತಡೆದರೆ ನಷ್ಟವಿಲ್ಲ. ಎಲ್ಲ ಮಡಿಗಳನ್ನೂ ಒಂದೇ ದಿನ ಬಿತ್ತದೆ, ಹದಿನೈದು ದಿನಗಳ ಅಂತರದಲ್ಲಿ ಮೂರು ಕಂತು ಮಾಡಿದರೆ ಮನೆಗೆ ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಗಡ್ಡೆ ಸಿಗುತ್ತದೆ. ಡಿಸೆಂಬರ್ ಮಧ್ಯ ದಾಟಿದರೆ ಬಿಸಿಲು ಅದನ್ನು ಹಿಡಿಯುತ್ತದೆ.

ಶಾಲೆಯ ಕೈತೋಟದ ವಿಷಯದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಬೀಜ ಮೊಳೆಯಲು ಎಂಟರಿಂದ ಹದಿನೈದು ದಿನ ಬೇಕು. ಅಷ್ಟೂ ದಿನ ಮೇಲ್ಮಣ್ಣು ಒಣಗಬಾರದು. ದಸರಾ ರಜೆಗೆ ಮುನ್ನ ಮಕ್ಕಳು ಉತ್ಸಾಹದಿಂದ ಬಿತ್ತಿ ಹೋದರೆ ಆ ಬೀಜಕ್ಕೆ ನೀರೆರೆಯುವವರು ಯಾರು? ಶಾಲೆ ಮತ್ತೆ ತೆರೆದ ವಾರವೇ ಬಿತ್ತಿಸಬೇಕು. ಆಗ ವಾರ್ಷಿಕ ಪರೀಕ್ಷೆಗೆ ಮೊದಲೇ, ಮಕ್ಕಳಿರುವಾಗಲೇ, ಗಡ್ಡೆ ಬಿಸಿಯೂಟದ ಸಾರಿಗೆ ಸೇರುತ್ತದೆ. ಕ್ಯಾರೆಟ್ಟಿನ ಬೀಟಾ ಕ್ಯಾರೋಟಿನ್ ದೇಹದಲ್ಲಿ ಎ ಜೀವಸತ್ವವಾಗುತ್ತದೆ. ಎಣ್ಣೆಯ ಒಗ್ಗರಣೆ ಬಿದ್ದರೆ ಅದು ಹೆಚ್ಚು ಹೀರಿಕೆಯಾಗುತ್ತದೆ.

ಬಿತ್ತನೆಯ ಕ್ರಮವನ್ನು ಚುಟುಕಾಗಿ ಹೇಳುವೆ. ಸಸಿ ಮಾಡಿ ನಾಟಿ ಮಾಡಬಾರದು, ನೇರವಾಗಿ ಬಿತ್ತಬೇಕು. ಮಣ್ಣನ್ನು ಒಂದು ಅಡಿ ಸಡಿಲಿಸಿ ಕಲ್ಲು ಆರಿಸಬೇಕು. ಹಸಿ ಗೊಬ್ಬರ ಹಾಕಿದರೆ ಗಡ್ಡೆ ಕವಲೊಡೆಯುತ್ತದೆ. ಬೀಜಕ್ಕೆ ಮರಳು ಬೆರೆಸಿ ಸಾಲಿನಲ್ಲಿ ಉದುರಿಸಿ, ಒದ್ದೆ ಗೋಣಿ ಹೊದಿಸಿ, ಮೊಳಕೆ ಕಂಡೊಡನೆ ತೆಗೆಯಬೇಕು. ಸಸಿಗಳನ್ನು ನಾಲ್ಕು ಬೆರಳು ಅಂತರಕ್ಕೆ ತೆಳುಗೊಳಿಸಬೇಕು. ಕರುಳು ಹಿಂಡುವ ಕೆಲಸವಿದು, ಆದರೆ ಬಿಟ್ಟರೆ ಯಾವ ಗಡ್ಡೆಯೂ ದಪ್ಪವಾಗದು.

ಬೀಜದ ಆಯ್ಕೆ ತಮ್ಮ ಕೈಯಲ್ಲಿದೆ. ನಾಂಟೀಸ್‌ನಂತಹ ಶೀತವಲಯದ ತಳಿಗಳು ತೀವ್ರ ಚಳಿಯಿಲ್ಲದ ನಮ್ಮ ಬಯಲಿನಲ್ಲಿ ಬೀಜ ಕಟ್ಟುವುದಿಲ್ಲ; ಪ್ರತಿವರ್ಷ ಕೊಳ್ಳಲೇಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸೂರಜ್ ತಳಿ ಉಷ್ಣವಲಯದ ಹವೆಯಲ್ಲೇ ಹೂಬಿಟ್ಟು ಬೀಜ ಕೊಡುತ್ತದೆ. ಸ್ವಸಹಾಯ ಸಂಘದ ಮಹಿಳೆಯರು ಬೀಜ ಉಳಿಸಿಕೊಳ್ಳುವಂತಾಗಲು ನಾನು ಇದನ್ನೇ ಸೂಚಿಸುತ್ತೇನೆ.

ಖರೀದಿಗೆ ಹಿಡಿಯುವ ಸಮಯ ನಿಮಗೆ ತಿಳಿದದ್ದೇ. ಸ್ವಾತಿಗೆ ಬೀಜ ಮನೆ ತಲುಪಬೇಕಾದರೆ ಆಗಸ್ಟ್ ತಿಂಗಳ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಇರಬೇಕು. ಪೊಟ್ಟಣಗಳು ಬಂದಾಗ ಅವುಗಳ ಮೇಲಿನ ಪರೀಕ್ಷೆಯ ದಿನಾಂಕ ಮತ್ತು ಅವಧಿಯನ್ನು ಸದಸ್ಯರೊಬ್ಬರು ಖುದ್ದು ನೋಡಿಯೇ ವಿತರಣೆಗೆ ಬಿಡಬೇಕೆಂದು ಕೋರುತ್ತೇನೆ.