ಹತ್ತನೆಯ ತರಗತಿ ಮುಗಿದ ಮೇಲೆ

(ಹತ್ತನೆಯ ತರಗತಿಯ ವಿದ್ಯಾರ್ಥಿಗಳ ಬೀಳ್ಕೊಡುಗೆ ಸಮಾರಂಭದಲ್ಲಿ ಮಾಡಿದ ಭಾಷಣ)





ಬೀಳ್ಕೊಡುಗೆಯ ದಿನ ಮೇಷ್ಟ್ರುಗಳು ಹೇಳುವುದೇನೆಂದು ನಿಮಗೆ ಮೊದಲೇ ಗೊತ್ತು. ಚೆನ್ನಾಗಿ ಓದಿ, ತಂದೆತಾಯಿಗೆ ಕೀರ್ತಿ ತನ್ನಿ, ಶಾಲೆಯನ್ನು ಮರೆಯಬೇಡಿ. ಅದನ್ನೆಲ್ಲ ನನಗಿಂತ ಮೊದಲು ಮಾತನಾಡಿದವರು ಹೇಳಿಯಾಗಿದೆ. ನಾನು ಒಂದೇ ವಿಷಯ ಹೇಳುತ್ತೇನೆ. ನಮ್ಮ ಎಷ್ಟೋ ಮನೆಗಳಲ್ಲಿ ಎಸ್ಸೆಸ್ಸೆಲ್ಸಿ ಎಂದರೆ ಓದಿನ ಕೊನೆಯ ನಿಲ್ದಾಣ. ಬಸ್ಸು ಮುಂದಕ್ಕೆ ಹೋಗುತ್ತದೆ, ನಮ್ಮವರು ಮಾತ್ರ ಅಲ್ಲೇ ಇಳಿದುಬಿಡುತ್ತಾರೆ.

ನಮ್ಮ ಊರಿನಲ್ಲೇ ಬಹುಕಾಲ ಬಾಳಿದ ಸಾರಾ ಅಬೂಬಕ್ಕರ್ ಅವರ ಹೆಸರು ನೀವು ಕೇಳಿದ್ದೀರಿ. ಅವರು 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು. ಅಲ್ಲಿ ಕನ್ನಡ ಶಾಲೆಯಲ್ಲಿ ಓದಿ ಮುಗಿಸಿದ ಮೊದಲ ಕೆಲವೇ ಮುಸ್ಲಿಂ ಹೆಣ್ಣುಮಕ್ಕಳಲ್ಲಿ ಅವರೂ ಒಬ್ಬರು. ಮುಂದೆ ಓದುವ ಆಸೆ ಬಹಳವಿತ್ತು. ಆದರೆ ಅಂದಿನ ಕಟ್ಟಲೆ ಅದಕ್ಕೆ ಬಿಡಲಿಲ್ಲ, ಮದುವೆಯಾಯಿತು, ಸಂಸಾರವಾಯಿತು. ಗ್ರಂಥಾಲಯವೊಂದರ ಸದಸ್ಯರಾಗಲು ಅವರಿಗೆ ಸಾಧ್ಯವಾದದ್ದು 1963ರಲ್ಲಿ. ಲೆಕ್ಕ ಹಾಕಿ ನೋಡಿ ಮಕ್ಕಳೇ, ಆಗ ಅವರಿಗೆ ಸುಮಾರು ಇಪ್ಪತ್ತೇಳು ವರ್ಷ. ಅವರ ಬರಹ 'ಲಂಕೇಶ್ ಪತ್ರಿಕೆ'ಯಲ್ಲಿ ಬೆಳಕಿಗೆ ಬಂದದ್ದು 1981ರಲ್ಲಿ. 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಆಮೇಲಿನದು. 2008ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಕಾಲೇಜಿನ ಮೆಟ್ಟಿಲು ಹತ್ತಲು ಬಿಡದ ಹೆಣ್ಣುಮಗಳಿಗೆ ವಿಶ್ವವಿದ್ಯಾನಿಲಯವೇ ಎದ್ದು ನಿಂತು ಗೌರವ ಕೊಟ್ಟಿತು. 2023ರ ಜನವರಿಯಲ್ಲಿ ಅವರು ತೀರಿಕೊಂಡರು.

ಈ ಕಥೆಯನ್ನು ಹೇಳಿದರೆ ಕೆಲವರು, "ನೋಡಿ, ಕಾಲೇಜಿಗೆ ಹೋಗದೆಯೂ ದೊಡ್ಡವರಾಗಬಹುದು" ಎನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಅವರೊಬ್ಬರು ಬರೆದು ಉಳಿದರು. ಅವರ ಹಾಗೆಯೇ ಶಾಲೆ ಬಿಟ್ಟು, ಒಂದು ಪುಸ್ತಕವೂ ಕೈಗೆ ಸಿಗದೆ ಹೋದ ಅವರ ಓರಗೆಯವರ ಹೆಸರು ನಮಗೆ ಗೊತ್ತೇ ಇಲ್ಲವಲ್ಲ!

ಉರ್ದು ಮನೆಮಾತಿನ ಮಕ್ಕಳಿಗೆ ಇನ್ನೊಂದು ಮಾತು. ಬಾನು ಮುಷ್ತಾಕ್ ಅವರನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು, ಆರು ತಿಂಗಳೊಳಗೆ ಕನ್ನಡ ಓದಲು ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. 2025ರಲ್ಲಿ ಅದೇ ಕನ್ನಡದ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. "ಸರ್, ನನಗೆ ಒತ್ತಕ್ಷರ ಬರುವುದಿಲ್ಲ" ಎಂದು ಮೂರು ವರ್ಷ ನನ್ನ ಮುಂದೆ ಅತ್ತವರು ಈಗ ಯಾಕೆ ನಗುತ್ತಿದ್ದೀರಿ?

ನಮ್ಮ ಕಾಲದಲ್ಲಿ ಆಟೋಗ್ರಾಫ್ ಪುಸ್ತಕವಿತ್ತು. ಬಣ್ಣಬಣ್ಣದ ಹಾಳೆಗಳು, ಎಲ್ಲರದ್ದೂ ಒಂದೇ ಬಗೆಯ ಹಾರೈಕೆ. ನಮ್ಮ ಗಣಿತದ ಮೇಷ್ಟ್ರು ಮಾತ್ರ ಎಲ್ಲರ ಪುಸ್ತಕದಲ್ಲೂ, "ಫಲಿತಾಂಶದ ಮರುದಿನ ಬಂದು ಕಾಣು" ಎಂದಷ್ಟೇ ಬರೆದರು. ಪಾಸಾದವರು ಮಿಠಾಯಿ ಹಿಡಿದು ಹೋದೆವು. ಅವರು ಮಿಠಾಯಿ ಮುಟ್ಟಲಿಲ್ಲ. ಯಾರು ಬಂದಿಲ್ಲವೆಂದು ಹಾಜರಿ ಪುಸ್ತಕ ತೆರೆದು ನೋಡಿದರು. ಬಾರದವರು ಫೇಲಾದವರು. ಸಂಜೆ ಬಸ್ಸು ಹತ್ತಿ ಅವರ ಮನೆಗಳಿಗೇ ಹೋದರು. ಅವರಲ್ಲಿ ಒಬ್ಬ ಆಗಲೇ ಬಂದರಿನಲ್ಲಿ ಮೀನಿನ ಬುಟ್ಟಿ ಹೊರಲು ಹೋಗಿದ್ದ. ಮುಂದಿನ ಪರೀಕ್ಷೆಗೆ ಮೇಷ್ಟ್ರೇ ಅವನ ಅರ್ಜಿ ತುಂಬಿಸಿದರು.

ಈಗ ನಿಮಗೆ ಆಗಿನಷ್ಟು ಕಷ್ಟವಿಲ್ಲ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು. 2024ರಿಂದ ಪಾಸಾದವರು ಕೂಡ ಬರೆದು, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಆದ್ದರಿಂದ ಒಂದು ವಿಷಯ ಹೋಯಿತೆಂದು ಅಂಗಡಿಗೆ ಸಂಬಳಕ್ಕೆ ಸೇರಬೇಡಿ. ಹದಿನಾರರ ಹುಡುಗನ ಕೈಗೆ ತಿಂಗಳ ಸಂಬಳ ಒಮ್ಮೆ ಬಂದರೆ ಪುಸ್ತಕ ಭಾರವಾಗುತ್ತದೆ. ನಿಮ್ಮ ಬೆಂಚಿನ ಗೆಳೆಯ ಫೇಲಾದರೆ ಅವನಿಗೆ ಫೋನ್ ಮಾಡುವ ಮೊದಲ ವ್ಯಕ್ತಿ ನೀವಾಗಿರಿ. ಮೇಷ್ಟ್ರ ಫೋನನ್ನು ಅವನು ಎತ್ತಲಾರ.

ಇನ್ನು ಹೆಸರಿನ ವಿಚಾರ. ಭಾಷೆಯ ಮೇಷ್ಟ್ರಾಗಿ ಇದನ್ನು ಹೇಳದೆ ಬಿಡಲಾರೆ. ನಮ್ಮ ಮುಹಮ್ಮದ್ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಐದಾರು ಬಗೆಯಲ್ಲಿ ಬರೆಯುತ್ತಾರೆ. ಆಧಾರ್‌ನಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಅಂಕಪಟ್ಟಿ ಎಂದರೆ ಬರೀ ಅಂಕವಲ್ಲ, ಅದು ನಿಮ್ಮ ಜನ್ಮದಿನಾಂಕದ ದಾಖಲೆಯೂ ಹೌದು. ನಾಳೆ ಪಾಸ್‌ಪೋರ್ಟ್, ವಿದ್ಯಾರ್ಥಿವೇತನ, ಗಲ್ಫಿನ ಕೆಲಸ ಎಲ್ಲಕ್ಕೂ ಅದನ್ನೇ ಕೇಳುತ್ತಾರೆ. ಕೈಗೆ ಬಂದ ದಿನವೇ ಅಕ್ಷರ ಅಕ್ಷರ ಓದಿ. ತಪ್ಪಿದ್ದರೆ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ಅರ್ಜಿ ಹಾಕಿ.

ಕೊನೆಗೆ, ಹಿಂದಿನ ಸಾಲಿನಲ್ಲಿ ಕುಳಿತಿರುವ ಉಮ್ಮಂದಿರೇ, ಮಗಳ ಪರೀಕ್ಷೆ ಮುಗಿಯುವ ಮೊದಲೇ ಮನೆಗೆ ಸಂಬಂಧದ ಮಾತು ಬರುತ್ತದೆಂದು ನಮಗೆ ಗೊತ್ತು. ಹದಿನೆಂಟಾಗುವ ಮೊದಲು ಕಾನೂನು ಅದಕ್ಕೆ ಒಪ್ಪುವುದಿಲ್ಲ. ಆ ಎರಡು ವರ್ಷಕ್ಕೆ ಸರಿಯಾಗಿ ಪಿಯುಸಿಯೂ ಎರಡೇ ವರ್ಷ. ಖರ್ಚಿನ ಚಿಂತೆಯಿದ್ದರೆ ಸರಕಾರಿ ಪದವಿಪೂರ್ವ ಕಾಲೇಜುಗಳಿವೆ, ಅಲ್ಪಸಂಖ್ಯಾತರ ವಸತಿ ಕಾಲೇಜುಗಳಿವೆ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ, ಜೂನ್ ತಿಂಗಳಲ್ಲಿ ಕಚೇರಿಗಳಲ್ಲಿ ನೂಕುನುಗ್ಗಲು. ಅರ್ಜಿ ತುಂಬಲು ತಿಳಿಯದಿದ್ದರೆ ಶಾಲೆಗೆ ಬನ್ನಿ. ಕನ್ನಡದಲ್ಲಿ ಕೇಳಿ, ಉರ್ದುವಿನಲ್ಲಿ ಕೇಳಿ, ಹೇಳಿಕೊಡುತ್ತೇನೆ. ಬ್ಯಾರಿಯಲ್ಲಿ ಕೇಳಿದರೆ ಪಕ್ಕದ ತರಗತಿಯ ಮೇಷ್ಟ್ರನ್ನು ಕರೆಯುತ್ತೇನೆ.